ಸರ್ವರಿಗೆ ಗಳಿಗೆ ನೋಡಿದ್ದು

ನಾನು ಇಂಡಿ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಶಾಲೆಯ ಕಂಪ್ಯೂಟರ್ ಕೋಣೆಯ ಕೀಲಿಕೈ ನನ್ನ ಕಿಸೆಯಲ್ಲಿರುತ್ತದೆ. ಇಷ್ಟೇ ಕಾರಣಕ್ಕೆ ನಮ್ಮ ಬಂಧುಬಳಗದಲ್ಲಿ ನಾನು ಕಂಪ್ಯೂಟರ್ ಪಂಡಿತ. ನಾನೂ ಅದನ್ನು ಅಲ್ಲಗಳೆದವನಲ್ಲ!

ನನ್ನ ಹೆಂಡತಿ ಸುವರ್ಣಾಳ ತಮ್ಮ ಶಿವಪುತ್ರನದು ಸಿಂದಗಿಯಲ್ಲಿ ಬಟ್ಟೆ ಅಂಗಡಿ. ಮೆಟ್ಟಿಲ ಕೆಳಗೆ ಒಂದು ಕರಿ ಡಬ್ಬಿ ಕೂತಿದೆ, ಅದೇ ಸರ್ವರ್. ಸೀರೆಯ ಚೀಟಿಯಲ್ಲಿ ಬರೀ ಕರಿ ಗೆರೆ, ದರವೆಲ್ಲ ಆ ಡಬ್ಬಿಯ ಹೊಟ್ಟೆಯಲ್ಲಿ. ಅದರ ನೆತ್ತಿಗೆ ವಿಭೂತಿ, ಕುಂಕುಮ, ಒಂದು ಒಣಗಿದ ಚೆಂಡುಹೂವು. ಒಮ್ಮೆ ಹೋದಾಗ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಕಂಡಿತು. ಅಪ್‌ಡೇಟ್ ಹಾಕದೆ ಎಷ್ಟೋ ಕಾಲವಾಗಿತ್ತು.

"ಶಿವಪುತ್ರ, ಇದು ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. ಕಳ್ಳರು ಇಂಟರ್ನೆಟ್‌ನಿಂದ ಒಳಗೆ ಬರುತ್ತಾರೆ. ಅಮಾವಾಸ್ಯೆಗೆ ಅಂಗಡಿ ಬಂದ್ ಇರುತ್ತದಲ್ಲ, ಅವತ್ತು ಬಂದು ಹಾಕಿಕೊಡುತ್ತೇನೆ" ಎಂದೆ.

ಅವನು ಕಿವಿ ಮುಚ್ಚಿಕೊಂಡ. "ಅಮಾಸಿ ದಿನ ಹೊಸಾದು ಹಾಕ್ತಾರೇನ್ರಿ ಮಾಮಾರ? ಡಬ್ಬಿ ಉಳೀತೈತೇನು? ಚಲೋ ಗಳಿಗಿ ನೋಡಿ ಹಾಕೂಣು."

ಗೋಡೆಯ ಕ್ಯಾಲೆಂಡರ್ ಇಳಿಸಿದೆವು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಸೊಗಸಾದ ಗಳಿಗೆ ಸಿಕ್ಕಿತು. ಅದೇ ಕ್ಯಾಲೆಂಡರ್ ಜಿಲ್ಲೆಯ ಪ್ರತಿ ಮನೆಯ ಗೋಡೆಯ ಮೇಲೂ ಇದೆ ಎಂಬುದು ಗಣಿತದ ಮೇಷ್ಟ್ರಿಗೆ ಹೊಳೆಯಲಿಲ್ಲ!

ಗುರುವಾರ ರಜೆ ಹಾಕಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಹೊರಟೆ. "ಅಲ್ಲೇನರ ಕೆಡಿಸಿ ಬಂದೀರಿ ಮತ್ತ" ಎಂದು ಸುವರ್ಣಾ ಹರಸಿ ಕಳಿಸಿದಳು. ಶಿವಪುತ್ರ ಡಬ್ಬಿಗೆ ಊದಿನಕಡ್ಡಿ ಬೆಳಗಿ ತೆಂಗಿನಕಾಯಿ ಒಡೆದ. ನಾನು ಗುಂಡಿ ಒತ್ತಿದೆ. "ಮೊದಲು ಬ್ಯಾಕಪ್ ತೆಗೆದುಕೊಳ್ಳುವಿರಾ?" ಎಂದು ಪರದೆ ವಿನಯದಿಂದ ಕೇಳಿತು. ಗಳಿಗೆ ಮೀರುತ್ತಿತ್ತಲ್ಲ, "ಆಮೇಲೆ" ಎಂದು ಒತ್ತಿದೆ. ಪರದೆ ನೀಲಿಯಾಯಿತು. "ಮೂವತ್ತು ಪ್ರತಿಶತ ಮುಗಿದಿದೆ. ಆಫ್ ಮಾಡಬೇಡಿ."

ಅಷ್ಟರಲ್ಲಿ ಅಂಗಡಿಯ ಮುಂದೆ ಎರಡು ಟೆಂಪೋ ನಿಂತವು. ತಾಂಬಾದ ಹೆಣ್ಣಿನವರು, ಮುದ್ದೇಬಿಹಾಳ ಕಡೆಯ ಗಂಡಿನವರು, ಎಲ್ಲರೂ ಒಟ್ಟಿಗೆ ಇಳಿದರು. ಬಸ್ತಾ! ಬಸ್ತಾ ಎಂದರೆ ನಮ್ಮ ಕಡೆ ಮದುವೆಯ ಬಟ್ಟೆ ಕೊಳ್ಳುವುದು. ಅದು ಇಬ್ಬರು ಮೂವರ ಕೆಲಸವಲ್ಲ, ಎರಡೂ ಮನೆತನ ಕೂತು ದಿನವಿಡೀ ಆರಿಸಬೇಕು. ಅವರು ಅಂಗಡಿಯವನಿಗೆ ಹೇಳಿ ಬರುವುದಿಲ್ಲ, ಗಳಿಗೆ ನೋಡಿ ಬರುತ್ತಾರೆ.

ಶಿವಪುತ್ರನ ಮುಖ ಅರಳಿತು, ಕೂಡಲೇ ಬಾಡಿತು. ಈ ತಾಂಬಾದವರು ಯಾವಾಗಲೂ ಎದುರಿನ ಅಂಗಡಿಯ ಗಿರಾಕಿಗಳು. ಸಿಕ್ಕಲ್ಲೆಲ್ಲ ಚಹಾ ಕುಡಿಸಿ, ಬಾಯ್ತುಂಬ ಕಾಕಾ ಎಂದು ಕರೆದು, ಈ ಮದುವೆಗಾದರೂ ಅವರನ್ನು ತನ್ನ ಮೆಟ್ಟಿಲು ಹತ್ತಿಸಬೇಕೆಂದು ಅವನು ಹೆಣಗಿದ್ದ.

"ಮಾಮಾರ, ಎಷ್ಟೊತ್ರಿ?"

"ಆಯಿತು, ಇನ್ನೇನು ಬಂತು!"

ಬಂತು. ನೂರಕ್ಕೆ ಮುಟ್ಟಿತು, ಡಬ್ಬಿ ಆರಿತು, ಮತ್ತೆ ಹತ್ತಿತು. "ಮೂವತ್ತು ಪ್ರತಿಶತ ಮುಗಿದಿದೆ." ನನಗೆ ತಲೆ ಕೆಟ್ಟಿತು. ನೂರಾದ ಮೇಲೆ ಮೂವತ್ತು ಬರುವ ಲೆಕ್ಕವನ್ನು ನಾನು ಯಾವ ತರಗತಿಗೂ ಕಲಿಸಿಲ್ಲ!

ಎರಡನೆಯ ನೂರೂ ಮುಗಿಯಿತು. ಡಬ್ಬಿ ಎದ್ದಿತು. ಆದರೆ ಬಿಲ್ಲು ಹಾಕುವ ಕಂಪ್ಯೂಟರ್ "ಸರ್ವರ್ ಸಿಗುತ್ತಿಲ್ಲ" ಎಂದಿತು. ಮೂರು ಮಾರು ದೂರದಲ್ಲಿ, ಕುಂಕುಮ ಹಚ್ಚಿಕೊಂಡು, ಎದುರಿಗೇ ಕೂತಿದೆ. ಸಿಗುತ್ತಿಲ್ಲವಂತೆ!

ಬಿಲ್ಲಿಂಗ್ ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದೆ. ಬೆಂಗಳೂರಿನ ಹುಡುಗಿಯೊಬ್ಬಳು ಮಾತಾಡಿದಳು. "ಸರ್, ಪ್ಯಾಚ್ ಹಾಕೋಕೆ ಮುಂಚೆ ಸರ್ವೀಸ್ ನಿಲ್ಲಿಸಿದ್ರಾ?"

"ತೆಂಗಿನಕಾಯಿ ಒಡೆದೆವು" ಎಂದೆ.

ಆಕೆ ಬಹಳ ಮೃದುವಾಗಿ, "ಸರ್, ಅಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಕೊಡ್ತೀರಾ?" ಎಂದಳು.

ನಾನು ಸುತ್ತಲೂ ನೋಡಿದೆ. ಗೊತ್ತಿರುವವನು ನಾನೇ!

ಇತ್ತ ಗಾದಿಯ ಮೇಲೆ ಗಲಾಟೆ ಶುರುವಾಗಿತ್ತು. ಮದುಮಗಳ ತಾಯಿ ಸೀರೆ ತಳ್ಳಿ ಎದ್ದು ನಿಂತಿದ್ದಳು. "ರೇಟ್ ಗೊತ್ತಿಲ್ದ ಹ್ಯಾಂಗ ಆರಿಸೂದು? ಎದುರಿನ ಅಂಗಡಿಗೇ ಹೋಗೂಣು ನಡೀರಿ."

"ಕೂಡ್ರಿ ಅವ್ವಾರ, ಈಗ ಆಗ್ತೈತಿ. ನಮ್ಮ ಮಾಮಾರು ಮಾಡಾಕತ್ತಾರ" ಎಂದ ಶಿವಪುತ್ರ. ನನಗೆ ನೆಲ ಬಿರಿದು ಒಳಗೆ ಹೋಗಿಬಿಡಬೇಕೆನಿಸಿತು. ಕ್ಷಮೆ ಕೇಳೋಣವೆಂದು ಫೋನ್ ಕಿವಿಗಿಟ್ಟುಕೊಂಡೇ ಮೆಟ್ಟಿಲ ಕೆಳಗಿಂದ ಎದ್ದು ಹೊರಗೆ ಬಂದೆ.

ಆಗ ಮದುಮಗಳ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು. ತಲೆಯಿಂದ ಕಾಲಿನವರೆಗೂ ಅಳೆದಳು. ಹೊಟ್ಟೆಯ ಹತ್ತಿರ ಆ ಕಣ್ಣು ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

"ಏ, ಇಂವ ನಮ್ಮ ಬೀಗರ ಅಳತಿನ ಅದಾನ ನೋಡ್ರಿ!"

ಮದುಮಗನ ತಂದೆಗೆ ಮೊಣಕಾಲು ನೋವು, ಬಸ್ತಾಕ್ಕೆ ಬಂದಿರಲಿಲ್ಲ. ಅವರ ಜುಬ್ಬಾದ ಅಳತೆ ಹೇಗೆ ಎಂಬುದು ಟೆಂಪೋದಲ್ಲೇ ಹುಟ್ಟಿದ ಚಿಂತೆಯಂತೆ. "ಬಾ ತಮ್ಮಾ, ಇಲ್ಲಿ ನಿಂದ್ರು" ಎಂದಳು ಅಜ್ಜಿ. ನಿಂತೆ. ಬೇಡ ಎನ್ನುವ ಮುಖ ನನಗೆಲ್ಲಿತ್ತು?

ಒಂದು ಜುಬ್ಬಾ ಏರಿತು, ಇಳಿಯಿತು. ಇನ್ನೊಂದು ಏರಿತು. ಹೆಗಲಿಗೆ ಶಲ್ಯ ಬಂತು, ತಲೆಗೆ ಗುಲಾಬಿ ರುಮಾಲು ಸುತ್ತಿದರು. ಎದ್ದು ನಿಂತಿದ್ದ ತಾಯಿ ನನ್ನನ್ನು ನೋಡಿ ನಗುತ್ತ ನಗುತ್ತ ಕೂತೇಬಿಟ್ಟಳು. "ಬಣ್ಣ ಒಪ್ಪೂದಿಲ್ಲ ಬೇ, ಕೇಸರಿ ಸುತ್ತರಿ." ಗಂಡಿನವರು ಹಳದಿ ಎಂದರು. ವಾದ ಹತ್ತಿಕೊಂಡಿತು. ದರದ ಮಾತು ಮರೆತೇಹೋಯಿತು!

"ಸರ್, ನಾನೇ ಇಲ್ಲಿಂದ ನಿಮ್ಮ ಕಂಪ್ಯೂಟರ್ ಒಳಗೆ ಬಂದಿದ್ದೀನಿ. ದಯವಿಟ್ಟು ನೀವು ಏನೂ ಮುಟ್ಬೇಡಿ" ಎಂದಳು ಬೆಂಗಳೂರಿನ ಹುಡುಗಿ.

"ಅಳ್ಳಾಡಬ್ಯಾಡ ತಮ್ಮಾ" ಎಂದಳು ಅಜ್ಜಿ.

ಎರಡೂ ಕಡೆಯ ತಜ್ಞರು ಒಂದೇ ಸಲಹೆ ಕೊಟ್ಟಿದ್ದರು. ಚಾಚೂ ತಪ್ಪದೆ ಪಾಲಿಸಿದೆ. ಕಂಪ್ಯೂಟರಿನ ಬಾಣ ತಾನಾಗಿ ಓಡಾಡಿ, ಏನೇನೋ ತೆರೆದು ಮುಚ್ಚಿ, ಸರ್ವರನ್ನು ಹುಡುಕಿಕೊಟ್ಟಿತು. ಅಷ್ಟೊತ್ತಿಗೆ ಗಾದಿಯ ಮೇಲೆ ಆರಿಸಿಟ್ಟ ಬಟ್ಟೆ ನನ್ನ ಸೊಂಟದವರೆಗೆ ಬೆಳೆದಿತ್ತು. ಬಸ್ತಾ ಎದುರಿನ ಅಂಗಡಿಗೆ ಹೋಗಲಿಲ್ಲ.

ಎಂಟು ದಿನದ ಮೇಲೆ ಶಿವಪುತ್ರನ ಫೋನ್ ಬಂತು. "ಮಾಮಾರ, ಐತವಾರ ಬಸವನ ಬಾಗೇವಾಡಿ ಕಡಿಂದ ಬಸ್ತಾ ಐತ್ರಿ. ಈ ಸಲ ಹೇಳೇ ಬರಾಕತ್ತಾರ. ನೀವು ಬರಾಕಬೇಕ್ರಿ."

ನನ್ನ ಎದೆ ಉಬ್ಬಿತು. ವಿದ್ಯೆಗೆ ಕಡೆಗೂ ಬೆಲೆ ಬಂತು! "ಸರ್ವರ್ ಮತ್ತೇನಾದರೂ ತೊಂದರೆ ಕೊಟ್ಟಿತೇ?" ಎಂದು ಗಂಭೀರವಾಗಿ ಕೇಳಿದೆ.

"ಛೇ, ಅದು ಚಲೋ ನಡದೈತ್ರಿ. ಈ ಬೀಗರೂ ನಿಮ್ಮ ಅಳತಿನ ಅದಾರಂತ!"

ಫೋನ್ ಇಟ್ಟು ಹೆಂಡತಿಯ ಮುಖ ನೋಡಿದೆ. ಎಲ್ಲ ಕೇಳಿಸಿಕೊಂಡಿದ್ದಳು.

"ಹೋಗಿ ಬರ್ರಿ. ಲ್ಯಾಪ್‌ಟಾಪ್ ಚೀಲ ಮನ್ಯಾಗ ಇರಲಿ" ಎಂದವಳು, ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಉಣ್ರಿ. ಐತವಾರದತನ ಅಳತಿ ಕೆಡಬಾರದು."