ಬಿಗಿಯಪ್ಪನವರು ಮಾಡಿದ ರಾಣಿ ಬೂಟು

ಬಿಗಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗೋದಾಮಿನ ಪ್ಯಾಕಿಂಗ್ ವಿಭಾಗದವರು ದಯಪಾಲಿಸಿದ ಬಿರುದು. ಅವರು ಸ್ಪಂಜು ಸುತ್ತಿ, ಅಂಟು ಬಳಿದು, ಟೇಪು ಬಿಗಿದು ಕಳಿಸಿದರೆಂದರೆ, ಗಾಜಿನ ಲೋಟ ತರಿಸಿಕೊಂಡವರು ಅದರ ಮುಖ ನೋಡಲು ಗರಗಸ ಹುಡುಕಬೇಕಿತ್ತು. "ನಾನು ಕಟ್ಟಿದ್ದನ್ನ ಬಿಚ್ಚೋನು ಇನ್ನೂ ಹುಟ್ಟಿಲ್ಲ" ಎಂದು ಅವರು ಎದೆಯುಬ್ಬಿಸಿ ಹೇಳುತ್ತಿದ್ದರು. ಮನೆಯಾಕೆ ಇದನ್ನು ಪೂರ್ತಿ ಒಪ್ಪುತ್ತಿದ್ದರು. ಗಂಡ ಮುಚ್ಚಿಟ್ಟ ಸಕ್ಕರೆ ಡಬ್ಬಿ ತೆರೆಯಲಾಗದೆ ಎಷ್ಟೋ ಬೆಳಗ್ಗೆ ಸಪ್ಪೆ ಕಾಫಿ ಕುಡಿದವರು ಅವರು.

ಇಂಥ ಮಹಾನುಭಾವರಿಗೆ ಮನೆಯಲ್ಲಿ ಕಿಲುಬು ಕಾಸಿನ ಕಿಮ್ಮತ್ತಿಲ್ಲ ಎಂಬುದೇ ದೊಡ್ಡ ಕೊರಗು. ತಾಯಿ ಮಗಳು ಸೇರಿ ನಡುಮನೆ ತುಂಬ ಬಟ್ಟೆ ಹರಡಿಕೊಂಡು ಮೊಬೈಲ್ ಆಟದ 'ಉಕ್ಕಿನ ರಾಣಿ'ಯ ವೇಷ ತಯಾರಿಸುತ್ತಿದ್ದರು. ಕಾಸ್‌ಪ್ಲೇ ಅಂತೆ. (ಆಟದಲ್ಲಿ, ಕಥೆಯಲ್ಲಿ ಬರುವವರ ಹಾಗೆ ವೇಷ ಹಾಕಿ ನಾಲ್ಕು ಜನರೆದುರು ನಿಲ್ಲುವುದು. ಬಿಗಿಯಪ್ಪನವರ ಕಾಲದಲ್ಲಿ ಇದಕ್ಕೆ ಬೆನ್ನಿಗೆರಡು ಬೀಳುತ್ತಿತ್ತು.) ಮಗಳಿಗೆ ಮಾತ್ರ ಇದು ಆಟವಾಗಿರಲಿಲ್ಲ. ವೇಷ ಯಾರು ತೊಟ್ಟರೂ ಸರಿ, ಚೆನ್ನಾಗಿ ತಯಾರಿಸಿದವರನ್ನು ನಾಟಕ ಕಂಪನಿಯ ವೇಷಭೂಷಣದ ಮೇಷ್ಟ್ರು ತಮ್ಮ ಕೈಕೆಳಗೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ ಎಂದು ಊರಲ್ಲಿ ಕಾಸ್‌ಪ್ಲೇ ಸ್ಪರ್ಧೆ ಇಟ್ಟವರು ಸಾರಿದ್ದರು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ದೊಡ್ಡ ಕೆಲಸವೆಂದು ಉಳಿದದ್ದು ಬೂಟು ಒಂದೇ. ಅಂಗಡಿಯಿಂದ ತಂದ, ಮೊಣಕಾಲುದ್ದದ ಕರಿ ರೆಕ್ಸಿನ್ ಬೂಟು. ಅದರ ಮೇಲೆ ಸ್ಪಂಜಿನ ಹಾಳೆ ಅಂಟಿಸಿ, ಉಕ್ಕಿನ ಬಣ್ಣ ಬಳಿಯಬೇಕಿತ್ತು.

"ಸ್ಪಂಜು, ಅಂಟು ಎರಡೂ ನನ್ನ ಖಾತೆ. ಬೂಟು ನನಗೆ ಬಿಡಿ" ಎಂದರು ಬಿಗಿಯಪ್ಪ.

"ನಿಮಗೆ ಬಿಟ್ರೆ ಮುಗೀತು. ರಾಣಿ ಬರಿಗಾಲಲ್ಲೇ ಯುದ್ಧಕ್ಕೆ ಹೋಗ್ತಾಳೆ" ಎಂದರು ಹೆಂಡತಿ.

"ಪಾಪ, ಮಾಡ್ಲಿ ಬಿಡಮ್ಮ" ಎಂದಳು ಮಗಳು. ಆ 'ಪಾಪ' ಅವರಿಗೆ ಹಿಡಿಸಲಿಲ್ಲ. "ಅಪ್ಪಾ, ಪಕ್ಕದ ಜಿಪ್ಪು ಬಿಟ್ಟು ಅಂಟಿಸು, ಆಯ್ತಾ?"

"ಪ್ಯಾಕಿಂಗ್ ಮಾಡೋನಿಗೆ ಅಂಟು ಹಚ್ಚೋದು ಹೇಳಿಕೊಡ್ತೀಯೇನೇ?"

ಸ್ಪರ್ಧೆಯ ದಿನ ಬೆಳಗ್ಗೆ ತಾಯಿ ಮಗಳು ಗುಂಡಿ ತರಲು ಪೇಟೆಗೆ ಹೋದರು. ಬಿಗಿಯಪ್ಪನವರು ಕೆಲಸಕ್ಕೆ ಕೂತರು. ಖಾಲಿ ಬೂಟು ಜೋತುಬೀಳುತ್ತಿತ್ತು. ಒಳಗೆ ಹಳೇ ಪೇಪರ್ ತುರುಕಿದರೆ ಮೀನಖಂಡದ ಆಕಾರ ಬರಲಿಲ್ಲ. ಮಗಳದ್ದೂ ತಮ್ಮದೂ ಒಂದೇ ಅಳತೆಯ ಪಾದ (ಅಪ್ಪನಿಂದ ಅವಳಿಗೆ ಬಂದ ಪಿತ್ರಾರ್ಜಿತ ಅದೊಂದೇ), ಹಾಗಾಗಿ ತಾವೇ ತೊಟ್ಟುಕೊಂಡರು. ಆಹಾ, ಸ್ಪಂಜು ಹೇಗೆ ಕೂತಿತು! ಕೊನೆಗೆ ಕಣ್ಣಿಗೆ ಬಿದ್ದದ್ದು ಜಿಪ್ಪು. ಉಕ್ಕಿಗೆ ಎಲ್ಲಾದರೂ ಜಿಪ್ಪಿರುತ್ತದೆಯೇ? ಛೆ, ಅಸಹ್ಯ. ಅದರ ಮೇಲೂ ಎರಡು ಪದರ ಸ್ಪಂಜು, ಮೂರು ಕೈ ಅಂಟು ಬಿತ್ತು. ಬಣ್ಣವೂ ಆಯಿತು.

ತಾಯಿ ಮಗಳು ಬಂದಾಗ ಕುರ್ಚಿಯ ಮೇಲೆ ಪಟ್ಟಾಪಟ್ಟಿ ಚಡ್ಡಿ, ಅದರ ಕೆಳಗೆ ಥಳಥಳಿಸುವ ಉಕ್ಕಿನ ಕಾಲುಗಳು.

"ಅಪ್ಪಾ! ಎಷ್ಟ್ ಚೆನ್ನಾಗಿದೆ! ತೆಗಿ, ನಾನು ಹಾಕ್ಕೋತೀನಿ."

ಬಿಗಿಯಪ್ಪನವರು ಎಳೆದರು. ಮಗಳು ಎಳೆದಳು. ಹೆಂಡತಿ ಗೋಡೆಗೆ ಕಾಲು ಕೊಟ್ಟು ಎಳೆದರು. ಕುರ್ಚಿ ಬಂತು, ಬೂಟು ಬರಲಿಲ್ಲ.

"ಜಿಪ್ಪೆಲ್ರೀ?"

"ಒಳಗಡೆ ಭದ್ರವಾಗಿದೆ."

"ನಿಮ್ಮ ಭದ್ರಕ್ಕಿಷ್ಟು ಬೆಂಕಿ ಹಾಕ! ಕತ್ತರಿ ತಾರೇ."

"ಬೇಡಮ್ಮಾ!" ಮಗಳ ಕಣ್ಣಲ್ಲಿ ನೀರು. "ಕತ್ತರಿಸಿದ್ರೆ ಬೂಟೇ ಇರಲ್ಲ. ಮತ್ತೆ ಮಾಡೋಕೆ ಹೊತ್ತೆಲ್ಲಿದೆ?" ಸ್ವಲ್ಪ ಹೊತ್ತು ಅಪ್ಪನನ್ನು ಮೇಲಿನಿಂದ ಕೆಳಗೆ ಅಳೆದಳು. ಆಮೇಲೆ ನಿಧಾನಕ್ಕೆ ಕಣ್ಣೊರೆಸಿಕೊಂಡಳು. "ಯಾರು ಹಾಕ್ಕೊಂಡ್ರೂ ನಡೆಯುತ್ತೆ ಅಂದಿದ್ದಾರಲ್ಲ."

ಹೀಗೆ, ಸೊಂಟದ ಹೊಲಿಗೆ ಎಲ್ಲ ಬಿಚ್ಚಿಸಿಕೊಂಡು, ಲಂಗ ತೊಟ್ಟು, ಕಿರೀಟ ಧರಿಸಿ, ಶ್ರೀಮದ್ ಉಕ್ಕಿನ ರಾಣಿಯವರು ಮೀಸೆಸಮೇತ ವೇದಿಕೆಗೆ ಚಿತ್ತೈಸಿದರು. ಮೊದಲ ಸಾಲಿನಲ್ಲಿ ಗೋದಾಮಿನ ಇಬ್ಬರು ಕೂತಿದ್ದರು. ಅವರು ಹೊಡೆದ ಶಿಳ್ಳೆಯನ್ನು ಇಲ್ಲಿ ಬರೆಯುವುದು ಬೇಡ.

ಮೇಷ್ಟ್ರು ಕನ್ನಡಕ ಏರಿಸಿ ಲಂಗದ ಅಂಚು ನೋಡಿದರು, ಎದೆಕವಚ ತಟ್ಟಿದರು, ತಲೆದೂಗಿದರು. ಆಮೇಲೆ ಬಗ್ಗಿದರು.

"ಅಬ್ಬಾ, ಬೂಟು! ಇದು ಯಾರ ಕೈಕೆಲಸ?"

ಇಷ್ಟು ವರ್ಷ ಕಾದ ಮಾತು! ಬಿಗಿಯಪ್ಪನವರ ಎದೆ ಕವಚದೊಳಗೆ ಉಬ್ಬಿತು. ಬಾಯಿ ತೆರೆದರು. ಅಷ್ಟರಲ್ಲಿ ಮೇಷ್ಟ್ರ ಬೆರಳು ಬೂಟಿನ ಸುತ್ತ ತಡಕಾಡಿತು.

"ಬಿಚ್ಚೋದೆಲ್ಲಿ? ನಾಟಕದಲ್ಲಿ ಪರದೆ ಬಿದ್ದು ಏಳೋದ್ರೊಳಗೆ ರಾಣಿ ಹೋಗಿ ಭಿಕ್ಷುಕಿ ಆಗ್ಬೇಕು. ಬಿಚ್ಚೋಕೆ ಬಾರದ್ದನ್ನ ಮಾಡೋರು ನನಗೆ ಬೇಡಪ್ಪ. ಈ ಹುಡುಗಿ ಮಾಡಿದ್ದಾ?"

ಪರದೆಯ ಪಕ್ಕದಲ್ಲಿ ನಿಂತಿದ್ದ ಮಗಳ ಮುಖ ಬಿಳಿಚಿಕೊಂಡಿತು. ಬಿಗಿಯಪ್ಪನವರು ಅವಳನ್ನು ನೋಡಿದರು. ಬಾಯಿಗೆ ಬಂದಿದ್ದನ್ನು ನುಂಗಿದರು. ಜೀವಮಾನದಲ್ಲಿ ಅಷ್ಟು ದೊಡ್ಡ ತುತ್ತು ಅವರು ನುಂಗಿರಲಿಲ್ಲ.

"ಅಂಗಡೀದು ಸಾರ್. ಹೀಗೇ ಸಿಕ್ತು."

"ಹಾಗನ್ನಿ! ಯಾವನೋ ಅಡ್ಡಕಸಬಿ ಮಾಡಿರ್ಬೇಕು."

"ಶುದ್ಧ ಅಡ್ಡಕಸಬಿ ಸಾರ್" ಎಂದು ಕೆಳಗಿನಿಂದ ಹೆಂಡತಿಯ ದನಿ ಬಂತು. "ಅಲ್ವೇನ್ರೀ?"

"ಹೌದು ಸಾರ್" ಎಂದರು ರಾಣಿಯವರು.

ಕೆಲಸ ಮಗಳಿಗೇ ಸಿಕ್ಕಿತು. ಹೊರಡುವಾಗ ಮೇಷ್ಟ್ರು ಅವಳನ್ನು ಕರೆದು, "ನಾಳೆಯಿಂದ ಬಾಮ್ಮ. ಬರ್ತಾ ಆ ಬೂಟು ತಗೊಂಡ್ಬಾ. ಹೇಗೆ ಮಾಡಬಾರದು ಅಂತ ಎಲ್ಲರಿಗೂ ತೋರಿಸೋಕೆ ಬಾಗಿಲಲ್ಲೇ ನೇತುಹಾಕ್ತೀನಿ" ಎಂದರು.

ಮನೆಗೆ ಬಂದು ಬಿಗಿಯಪ್ಪನವರು ಸ್ಟೂಲಿನ ಮೇಲೆ ಕಾಲು ಚಾಚಿದರು. ಮಗಳು ಕತ್ತರಿ ಹಿಡಿದು ಎದುರಿಗೆ ಕೂತಳು. ತನ್ನ ಹೊಸ ನೌಕರಿಯ ಮೊದಲ ಕೆಲಸ ಎಂದು ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಲ್ಲಾಡಬೇಡಿ" ಎಂದರು ಹೆಂಡತಿ, ಗಂಡನ ಮೊಣಕಾಲು ಅದುಮಿ ಹಿಡಿದು. "ಬಿಚ್ಚೋನು ಹುಟ್ಟಿಲ್ಲ ಅಂತಿದ್ರಲ್ಲ, ಅದೇನೋ ನಿಜ. ಬಿಚ್ಚೋಳು ನಮ್ಮನೇಲೇ ಹುಟ್ಟಿದಾಳೆ."