ಸೇಬಿನ ಕೋಣೆಯ ಸರ್ವರ್

ತೊಂದರೆ ಶುರುವಾದದ್ದು ಲೇಬಲ್ ಹೇಳಿದ ಒಂದೇ ಒಂದು "ಗೊತ್ತು ಸರ್" ಎಂಬ ಮಾತಿನಿಂದ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಮುದ್ರಿಸಿ ಮುದ್ರಿಸಿ ಅವನಿಗೂ ಅದೇ ಅಂಟಿಕೊಂಡಿತ್ತು. ಅದಕ್ಕೆ ಮೊದಲು ಮೂರು ವರ್ಷ ಅಲ್ಲೇ ಪೆಟ್ಟಿಗೆ ಹೊತ್ತಿದ್ದ. ಕುರ್ಚಿ ಸಿಕ್ಕಿದ ದಿನ ಅವನ ಬೆನ್ನು ನಕ್ಕಿತ್ತು.

ಆ ಬೆಳಿಗ್ಗೆ ಯಜಮಾನರು ಕೇಳಿದರು: "ಲೇಬಲ್, ವ್ಯಾಪಾರ ಪೂರ್ತಿ ನೋಡ್ಕೊಳ್ಳೋ ಸಾಫ್ಟ್‌ವೇರ್ ಇದೆಯಂತೆ. ಸ್ಟಾಕು, ಲಾರಿ, ಹಾಜರಿ ಎಲ್ಲ ಅದರಲ್ಲೇ. ನಮ್ಮ ಲಿನಕ್ಸ್ ಸರ್ವರ್‌ಗೆ ಹಾಕೋದು ಗೊತ್ತಾ?"

"ಗೊತ್ತು ಸರ್."

"ಹಾಗಾದ್ರೆ ಸಂಜೆ ಐದಕ್ಕೆ ಓಡ್ತಿರಬೇಕು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಕುರ್ಚೀಲಿ ನನ್ನ ಭಾಮೈದ ಕೂರ್ತಾನೆ, ನೀನು ಮತ್ತೆ ಪೆಟ್ಟಿಗೆ ಹೊರು. ಅವನನ್ನ ಮನೇಲಿ ನೋಡಿ ನೋಡಿ ಸಾಕಾಗಿದೆ ನಂಗೆ."

ಸರ್ವರ್ ಇದ್ದದ್ದು ಸೇಬಿನ ಕೋಣೆಯಲ್ಲಿ. ಅದನ್ನು ತಣ್ಣಗಿಡಬೇಕು ಎಂದು ಯಾರೋ ಹೇಳಿದ್ದನ್ನು ಯಜಮಾನರು ಸ್ವಲ್ಪ ಜಾಸ್ತಿಯೇ ಮನಸ್ಸಿಗೆ ಹಚ್ಚಿಕೊಂಡು, ಎರಡು ಡಿಗ್ರಿ ಚಳಿಯಲ್ಲಿ, ಪೆಟ್ಟಿಗೆಗಳ ಸಾಲುಗಳ ಕೊನೆಯಲ್ಲಿ ಕೂರಿಸಿದ್ದರು. ಮೊದಲು ಅದನ್ನು ನೋಡಿಕೊಳ್ಳುತ್ತಿದ್ದವರು ಮೇಷ್ಟ್ರು. ಪಾಠ ಹೇಳಿದವರಲ್ಲ, ಎಲ್ಲರ ತಪ್ಪು ತಿದ್ದುತ್ತಿದ್ದುದರಿಂದ ಆ ಹೆಸರು. ಎರಡು ವರ್ಷದ ಹಿಂದೆ ನ್ಯುಮೋನಿಯಾ ಅವರನ್ನು ಕರೆದೊಯ್ದಿತ್ತು. ಅವರ ಉಣ್ಣೆಯ ಕೋಟು ಇನ್ನೂ ಮೊಳೆಯಲ್ಲಿ ತೂಗುತ್ತಿತ್ತು. ಅಲ್ಲಿಗೆಲ್ಲ ಅದೊಂದೇ ಕೋಟು. ಲೇಬಲ್ ಅದನ್ನೇ ತೊಟ್ಟು ಕೂತ.

ಮೊಬೈಲಿನಲ್ಲಿ ಯಾರೋ ಬರೆದಿಟ್ಟ ಸೂಚನೆ ನೋಡಿಕೊಂಡು ಒಂದೊಂದೇ ಸಾಲು ಟೈಪ್ ಮಾಡಿದ. ಸಾಫ್ಟ್‌ವೇರ್ ಹಾಕು ಅಂದರೆ ಸರ್ವರ್, ಡೇಟಾಬೇಸ್ ಎಲ್ಲಿ ಎಂದಿತು. ಡೇಟಾಬೇಸಿಗೆ ಹೊರಟರೆ, ಅದಕ್ಕೆ ಬೇಕಾದ ಪೈಥಾನ್ ಎಂಬ ಪ್ರೋಗ್ರಾಂ ಹಳೆಯದು ಎಂದಿತು. ಹೊಸ ಪೈಥಾನ್ ತಂದರೆ, ಅದಕ್ಕೆ ಬೇಕಾದ ಇನ್ನೇನೋ ಇಲ್ಲ ಎಂದಿತು. ಮದುವೆಗೆ ಒಬ್ಬರನ್ನು ಕರೆಯಹೋದರೆ, ಅತ್ತೆ ಬಾರದೆ ನಾನು ಬರಲ್ಲ, ಅತ್ತೆಯ ತಂಗಿ ಬಾರದೆ ಅತ್ತೆ ಬರಲ್ಲ ಅನ್ನುವ ಹಾಗೆ. ಒಂದೊಂದಕ್ಕೂ ಅದು "ಇದಕ್ಕೆ ಇಂಥಿಂಥವು ಬೇಕು, ಸೇರಿಸಲೇ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಬರೀ ಎಂಟರ್ ಒತ್ತಿದರೆ ಹೌದು ಎಂದರ್ಥ.

ಉಗ್ರಾಣದಕ್ಕ ಶಾಲು ಹೊದ್ದು ಇಣುಕಿದಳು. "ಏನೋ ಲೇಬಲ್, ಅಳ್ತಿದೀಯಾ?"

"ಇಲ್ಲಕ್ಕಾ, ಮೂಗು ಸೋರ್ತಿದೆ."

"ಅಳು ಬಂದ್ರೆ ಅತ್ಬಿಡು. ಮೇಷ್ಟ್ರೂ ಇಲ್ಲೇ ಕೂತು ಅಳೋರು."

ಹಿಂದೆಯೇ ವೈರ್‌ಮನ್ ಹೀಟರ್ ಹಿಡಿದು ಬಂದ. "ಪಾಪ, ನಡುಗ್ತಿದಾನೆ. ತಡಿ, ಬೆಚ್ಚಗೆ ಮಾಡ್ತೀನಿ."

"ಅಣ್ಣಾ, ಆ ಪ್ಲಗ್ಗು ಮಾತ್ರ—"

ಅಣ್ಣ ಅದೇ ಪ್ಲಗ್ಗನ್ನು ಕಿತ್ತಾಗಿತ್ತು. ಪರದೆ ಕಪ್ಪಾಯಿತು. ಹೀಟರ್ ಮಾತ್ರ ಸಂತೋಷದಿಂದ ಕೆಂಪಾಯಿತು.

ಮತ್ತೆ ಎಲ್ಲ ಹೊತ್ತಿಕೊಳ್ಳುವಾಗ ಮೂರು ಗಂಟೆ. ಅರ್ಧ ಕೂತಿದ್ದ ಡೇಟಾಬೇಸ್ ಅರ್ಧ ಬೋಳಿಸಿದ ತಲೆಯ ಹಾಗೆ, ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಏನು ಮಾಡಿದರೂ "ಇದನ್ನು ಬೇರೊಬ್ಬರು ಬಳಸುತ್ತಿದ್ದಾರೆ, ಕಾಯಿರಿ" ಎನ್ನುತ್ತಿತ್ತು. ಬೇರೊಬ್ಬರು ಯಾರು? ಲೇಬಲ್ ಸರ್ವರಿನಲ್ಲಿ ಯಾರು ಯಾರು ಇದ್ದಾರೆಂದು ತೋರಿಸುವ ಕಮಾಂಡ್ ಕೊಟ್ಟ. ಎರಡು ಹೆಸರು ಬಂದವು. ಒಂದು ಅವನದು. ಇನ್ನೊಂದು ಮೇಷ್ಟ್ರದು.

"ಅಕ್ಕಾ, ಮೇಷ್ಟ್ರ ಹೆಸರು ಇನ್ನೂ ತೆಗೆದಿಲ್ವಾ?"

"ಸತ್ತೋರ ಹೆಸರು ಅಳಿಸೋಕೆ ಯಾರಿಗೆ ಕೈ ಬರುತ್ತೋ? ಪಾಪ, ಒಂದು ಮೂಲೇಲಿ ಇರ್ಲಿ ಅಂತ ಬಿಟ್ವಿ."

"ಮೂಲೇಲಿ ಇಲ್ಲಕ್ಕಾ. ಕೆಲಸ ಮಾಡ್ತಿದಾರೆ."

ಅಕ್ಕ ಶಾಲನ್ನು ತಲೆಗೇರಿಸಿಕೊಂಡು, "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ಹೊರಟೇಬಿಟ್ಟಳು. ಅಲ್ಲಿ ಒಲೆಯೂ ಇರಲಿಲ್ಲ, ಹಾಲೂ ಇರಲಿಲ್ಲ. ವೈರ್‌ಮನ್ ಹೀಟರನ್ನೂ ಎತ್ತಿಕೊಂಡು ಓಡಿದ.

ಲೇಬಲ್ ಒಬ್ಬನೇ ಉಳಿದ. ದೂರದಲ್ಲಿ ಕಂಪ್ರೆಸರ್ ಗುಂಯ್ ಎನ್ನುತ್ತಿತ್ತು, ನಿಂತಿತು. ಇಂಗ್ಲಿಷ್ ಬಿಟ್ಟು ಬೇರೇನೂ ಆಡದ ಆ ಪರದೆಯ ಮೇಲೆ, ಯಾರೂ ಮುಟ್ಟದೆ, ಮನೆಮಾತಿನಲ್ಲಿ ಒಂದು ಸಾಲು ಮೂಡಿತು.

"ಕೋಟಿನ ಗುಂಡಿ ಹಾಕಿಕೋ. ನಾನು ಹಾಕಿಕೊಂಡಿರಲಿಲ್ಲ."

ಲೇಬಲ್‌ನ ಕಾಲುಗಳು ಓಡಲು ಎದ್ದವು. ಬೆನ್ನು ಪೆಟ್ಟಿಗೆಗಳನ್ನು ನೆನೆದು ಅವನನ್ನು ಕೂರಿಸಿತು. ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ನಾಲ್ಕನೇ ಸಾಲಿನಲ್ಲಿ ಒಂದು ಚುಕ್ಕಿ ಬಿಟ್ಟಿದ್ದೀಯ," ಎಂದಿತು ಪರದೆ. "ಇರಲಿ, ಸರಿ. ನಾನೇ ಮಾಡುತ್ತೇನೆ."

ಆಮೇಲೆ ಸಾಲುಗಳು ತಾವಾಗಿ ಓಡಿದವು. ಕೀಲಿಮಣೆಯ ಗುಂಡಿಗಳು ಒಂದೂ ಅಲುಗಲಿಲ್ಲ. ಬಿಟ್ಟುಹೋದವೆಲ್ಲ ಒಂದರ ಹಿಂದೆ ಒಂದು ಬಂದು ಕೂತವು. ಲೇಬಲ್ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಶಾಲೆಯಲ್ಲಿ ಬೈಸಿಕೊಂಡವನ ಹಾಗೆ ನೋಡುತ್ತಿದ್ದ.

ಐದಕ್ಕೆ ಯಜಮಾನರು ಬಂದರು. ಅವರ ಬೆನ್ನ ಹಿಂದೆ ಅಕ್ಕ, ಅಕ್ಕನ ಬೆನ್ನ ಹಿಂದೆ ವೈರ್‌ಮನ್. ಸಾಫ್ಟ್‌ವೇರ್ ಓಡುತ್ತಿತ್ತು. ಸ್ಟಾಕು, ಲಾರಿ, ಹಾಜರಿ, ಎಲ್ಲ ತಮ್ಮ ತಮ್ಮ ಜಾಗದಲ್ಲಿ.

"ಭೇಷ್! ಎಲ್ಲ ನೀನೇ ಮಾಡಿದ್ಯಾ?"

ಲೇಬಲ್ ಹೌದೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ, "ಇವನೆಲ್ಲಿ ಸರ್, ತೀರಿಕೊಂಡ ಮೇಷ್ಟ್ರು ಬಂದು ಮಾಡಿದ್ದು!" ಎಂದುಬಿಟ್ಟಳು. ಪರದೆಯ ಮೇಲೂ ಪ್ರತಿ ಸಾಲಿನ ಮುಂದೆ ಮೇಷ್ಟ್ರ ಹೆಸರೇ ಇತ್ತು.

ಯಜಮಾನರು ಹೆದರುತ್ತಾರೆಂದು ಎಲ್ಲರೂ ಕಾದರು. ಅವರು ಗಲ್ಲ ಕೆರೆದುಕೊಂಡರು. "ರಜಾ ಕೇಳಲ್ಲ, ಟೀಗೆ ಏಳಲ್ಲ, ಚಳಿ ಅನ್ನಲ್ಲ. ಹಂಗಾದ್ರೆ ನೀನ್ಯಾಕಪ್ಪಾ ನಂಗೆ? ನಾಳೆಯಿಂದ ಪೆಟ್ಟಿಗೆ ಹೊರೋಕೆ ಹೋಗು."

ಆಗ ಪರದೆಯ ಮೇಲೆ ಹೊಸ ಸಾಲು ಬಂತು: "ಮೇಷ್ಟ್ರಿಗೆ ಇದು ಬೇಕು: ಲೇಬಲ್."

"ನೋಡಿ ಸರ್, ನೋಡಿ!" ಲೇಬಲ್ ಕುಣಿದೇಬಿಟ್ಟ. "ನಾನಿಲ್ದೆ ಅವರಿಗೆ ಆಗಲ್ವಂತೆ!"

"ಸರಿ ಬಿಡಯ್ಯಾ, ನಿನ್ನ ಕೆಲಸ ಉಳೀತು."

ಸಾಲು ಇನ್ನೂ ಮುಗಿದಿರಲಿಲ್ಲ. ಅದರ ಕೆಳಗೆ ಇನ್ನೊಂದು ಮೂಡಿತು: "ಮೇಷ್ಟ್ರು ಇರುವಲ್ಲಿಗೇ ಸೇರಿಸಲೇ?"

ಲೇಬಲ್ ಓದಿದ. ಮತ್ತೊಮ್ಮೆ ಓದಿದ. "ಸರ್, ಒಂದ್ನಿಮಿಷ, ಒತ್ತಬೇಡಿ—"

"ಎಷ್ಟು ಕೇಳುತ್ತಪ್ಪಾ ಇದು," ಎಂದು ಯಜಮಾನರು ಎಂಟರ್ ಒತ್ತಿದರು.

ಲೇಬಲ್‌ಗೆ ಚಳಿ ಆಗುವುದು ನಿಂತಿತು.

"ಅರೆ, ಎಲ್ಲಿ ಹೋದ ಇವನು?" ಅಕ್ಕ ಅತ್ತಿತ್ತ ನೋಡಿದಳು. "ಈಗ ಇಲ್ಲೇ ಇದ್ನಲ್ಲ!"

"ಇಲ್ಲೇ ಇದೀನಲ್ಲಕ್ಕಾ!" ಎಂದು ಲೇಬಲ್ ಇದ್ದಬದ್ದ ಶಕ್ತಿಯಿಂದ ಕೂಗಿದ.

ಅವನ ಕೂಗು ಪರದೆಯ ಮೇಲೆ ಒಂದು ಸಾಲಾಗಿ ಮೂಡಿತು. ಯಜಮಾನರು ಬಗ್ಗಿ ಅದನ್ನು ಓದಿದರು.

"ಭಲೆ, ಕೇಳಿದ್ದಕ್ಕೆ ಉತ್ತರಾನೂ ಕೊಡುತ್ತೆ," ಎಂದು ಮೆಚ್ಚಿ, ದೀಪ ಆರಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡರು.