ಸಾಹೇಬರ ಪ್ಯಾಂಟು ಬೆಂದ ಕತೆ

ಎಲ್ಲ ರಾದ್ಧಾಂತಕ್ಕೂ ಮೂಲ ಅರ್ಧ ಲೋಟ ಚಹಾ. ಅದು ಟೈಲರನ ಹೊಟ್ಟೆಗೆ ಹೋಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಮೊಣಕೈ ತಾಗಿ ಅದು ಹೋಗಿ ಬಿದ್ದದ್ದು ಆಗಷ್ಟೇ ಹೊಲಿದು ಮುಗಿಸಿದ್ದ ಕಡುನೀಲಿ ಪ್ಯಾಂಟಿನ ಮೇಲೆ, ಅದೂ ಎದ್ದು ಕಾಣುವಂತೆ ತೊಡೆಯ ಮೇಲೇ.

ಪ್ಯಾಂಟು ಅಂತಿಂಥವರದ್ದಲ್ಲ, ಅಗ್ನಿಶಾಮಕ ಠಾಣೆಯ ಸಾಹೇಬರದ್ದು. ಅಳತೆ ಕೊಡುವಾಗಲೇ ಅವರು ಹೇಳಿದ್ದರು: "ನೋಡಪ್ಪ, ಇದೊಂದು ಸರಿಯಾಗಿ ಕೂತರೆ ಇಡೀ ಠಾಣೆಯ ಸಮವಸ್ತ್ರ ನಿನಗೇ. ಗುರುವಾರ ಮಧ್ಯಾಹ್ನ ನಾನೇ ಬಂದು ಹಾಕ್ಕೊಂಡು ಹೋಗ್ತೀನಿ. ಅವತ್ತು ನಂದೊಂದು ಭಾಷಣ ಇದೆ." ಮುಂದುಗಡೆ ಹಳೇ ಕಾಲದಂತೆ ಗುಂಡಿ ಇರಲಿ ಎಂದೂ ಹೇಳಿದ್ದರು. ಗುಂಡಿ ತೂರಿಸುವ ಕಾಜ ಹೊಲಿಯುವುದೆಂದರೆ ಟೈಲರನಿಗೆ ಕಷಾಯ ಕುಡಿದ ಹಾಗೆ. "ಈಗ ಗುಂಡಿ ಯಾರು ಹಾಕ್ತಾರೆ ಸಾರ್" ಎಂದು ಪುಸಲಾಯಿಸಿ ಜಿಪ್ಪಿಗೆ ಒಪ್ಪಿಸಿದ್ದ.

ಇವತ್ತೇ ಆ ಗುರುವಾರ. ಬೀದಿಯ ಆಚೆ ಬದಿಗೆ ಸಿದ್ಧ ಉಡುಪಿನ ಅಂಗಡಿ ಬಂದ ಮೇಲೆ ಟೈಲರನ ಮನೆಯೊಳಗಿನ ಹೊಲಿಗೆ ಯಂತ್ರ ಸುಮ್ಮನೆ ಕೂರುವುದನ್ನು ಕಲಿತಿತ್ತು. ಠಾಣೆಯ ಕೆಲಸ ಸಿಕ್ಕರೆ ಮತ್ತೆ ಜೀವ ಬಂದ ಹಾಗೆ.

ಸೋಪು ಹಾಕಿ ತಿಕ್ಕಿದ. ಕಲೆ ಹೋಯಿತು, ಪ್ಯಾಂಟು ತೊಪ್ಪೆಯಾಯಿತು. ಹೊರಗೆ ಮೋಡ. ಒದ್ದೆ ನೀಲಿ ಬಟ್ಟೆಗೆ ಕಾದ ಇಸ್ತ್ರಿ ಇಟ್ಟರೆ ಮಿರಮಿರ ಮಿನುಗುವ ಗುರುತು ಬೀಳುತ್ತದೆ, ಅದು ಯಾವ ಟೈಲರನಿಗೂ ಮರ್ಯಾದೆಯಲ್ಲ. ಬಾಲ್ಕನಿಗೆ ಬಂದು ಪ್ಯಾಂಟನ್ನು ಗಾಳಿಗೆ ಬೀಸತೊಡಗಿದ.

ಪಕ್ಕದ ಬಾಲ್ಕನಿಯಿಂದ ನಿವೃತ್ತ ಲೈನ್‌ಮ್ಯಾನ್ ಇಣುಕಿದ. "ಏನಯ್ಯಾ, ಬಾವುಟ ತೋರಿಸ್ತಿದ್ದೀಯ, ಈ ಕಡೆ ರೈಲು ಬರತ್ತಾ?"

ಟೈಲರ್ ಗೋಳು ಹೇಳಿಕೊಂಡ.

"ಮನೇಲಿ ಮೈಕ್ರೋವೇವ್ ಇಟ್ಕೊಂಡು ಗಾಳಿ ಬೇಡ್ತೀಯಲ್ಲ. ಅದರಲ್ಲಿ ಕಾಯೋದು ನೀರು ಮಾತ್ರ. ನೀರು ಆವಿಯಾಗಿ ಹೋಗತ್ತೆ, ಬಟ್ಟೆ ಹಾಗೇ ಉಳ್ಕೊಳ್ಳತ್ತೆ. ಆಯುಷ್ಯವೆಲ್ಲ ಕರೆಂಟ್ ಜೊತೆ ಸಂಸಾರ ಮಾಡಿದೋನು ನಾನು, ನಂಗೆ ಗೊತ್ತಿಲ್ವಾ?"

"ನಿಮ್ಮನೇಲಿ ಇದೆಯಾ ಅಣ್ಣ, ಮೈಕ್ರೋವೇವು?"

"ಇಲ್ಲ. ಇರೋರ ಮನೆ ನೋಡಿದ್ದೀನಿ."

ಟೈಲರ್ ಅನುಮಾನಿಸಿದ. ಹೆಂಡತಿ ಶಾಲೆಯಲ್ಲಿ ಟೀಚರು, ಮನೆಯಲ್ಲೂ ಟೀಚರೇ. ಮೈಕ್ರೋವೇವ್ ತಂದ ದಿನವೇ ಅವನನ್ನು ಅದರೆದುರು ನಿಲ್ಲಿಸಿ ಪಾಠ ಮಾಡಿದ್ದಳು. "ರೀ, ಸ್ಟೀಲು, ತಗಡು, ಚಿನ್ನದಂಚಿನ ಪಿಂಗಾಣಿ, ಯಾವುದೂ ಒಳಗೆ ಹೋಗಕೂಡದು. ಇಡೀ ಮೊಟ್ಟೆ ಇಡಬೇಡಿ, ಸಿಡಿಯತ್ತೆ. ಬಿಗಿ ಮುಚ್ಚಳ ಬೇಡ. ಖಾಲಿ ಓಡಿಸಬೇಡಿ. ಅಕಸ್ಮಾತ್ ಒಳಗೆ ಬೆಂಕಿ ಕಂಡ್ರೆ ಬಾಗಿಲು ತೆಗೀಬೇಡಿ, ಸ್ವಿಚ್ ಆರಿಸಿ ಪ್ಲಗ್ ಕೀಳಿ. ಎಲ್ಲಿ, ಒಂದ್ಸಲ ಒಪ್ಪಿಸಿ ನೋಡೋಣ." ಅವನು ಕೈಕಟ್ಟಿ ಒಪ್ಪಿಸಿದ್ದ. ಆದರೆ ಪ್ಯಾಂಟಿನ ವಿಷಯ ಪಾಠದಲ್ಲಿ ಇರಲಿಲ್ಲ. ಕೇಳೋಣವೆಂದರೆ ಅವಳು ಬೆಳಿಗ್ಗೆಯೇ "ಶಾಲೇಲಿ ಕಾರ್ಯಕ್ರಮ ಇದೆ, ಬರೋದು ತಡ" ಎಂದು ಹೊರಟಿದ್ದಳು. ಏನು ಕಾರ್ಯಕ್ರಮ ಎಂದು ಅವನು ಕೇಳಿರಲಿಲ್ಲ. ಬಾಯಲ್ಲಿ ಗುಂಡುಸೂಜಿ ಇತ್ತು.

ಲೈನ್‌ಮ್ಯಾನ್ ಒಳಗೇ ಬಂದು ನಿಂತ. ಟೈಲರ್ ಪ್ಯಾಂಟಿನ ಸೊಂಟದ ಕೊಕ್ಕೆ ಬಿಚ್ಚಿ ತೆಗೆದ. ಜೇಬು ತಡಕಿ ಒಂದು ಸೂಜಿಯನ್ನೂ ಹುಡುಕಿ ತೆಗೆದ. ಲೋಹದ ಚೂರೂ ಇಲ್ಲವೆಂದು ಬೀಗಿದ. ಜಿಪ್ಪು ಮಾತ್ರ ಅವನ ಕಣ್ಣಿಗೇ ಬೀಳಲಿಲ್ಲ. ದಿನಾ ಹೊಲಿಯುವವನಿಗೆ ಜಿಪ್ಪೂ ಬಟ್ಟೆಯೇ.

ಪ್ಯಾಂಟು ಮೈಕ್ರೋವೇವಿನ ತಟ್ಟೆಯ ಮೇಲೆ ಗಂಭೀರವಾಗಿ ಒಂದೆರಡು ಸುತ್ತು ತಿರುಗಿತು. ಆಮೇಲೆ ಚಿಟಚಿಟ ಸದ್ದು, ನೀಲಿ ಕಿಡಿ, ಹಿಂದೆಯೇ ಕೆಂಪು ನಾಲಿಗೆ.

"ಬಾಗಿಲು ತೆಗಿ, ತೆಗಿ!" ಎಂದ ಲೈನ್‌ಮ್ಯಾನ್.

ಹೊಗೆಯ ವಾಸನೆಗೆ ಎದುರು ಮನೆಯ ಅಜ್ಜಿ ಬಕೆಟ್ಟಿನ ಸಮೇತ ಬಂದೇಬಿಟ್ಟಳು. "ಸರಿಯೋ ಮಗಾ, ನೀರು ಹುಯ್ತೀನಿ."

ಟೈಲರ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೈಕ್ರೋವೇವಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತ. "ತೆಗೆಯಲ್ಲ. ಅವಳು ತೆಗೀಬೇಡಿ ಅಂದಿದ್ದಾಳೆ."

ಅಜ್ಜಿಯ ಕೈ ನಿಲ್ಲಲಿಲ್ಲ. ಬಕೆಟ್ ನೀರೆಲ್ಲ ಟೈಲರನ ಮೈಮೇಲೆ. ಒಳಗಿನ ಬೆಂಕಿ ಗಾಳಿ ಸಿಗದೆ ತಾನಾಗಿಯೇ ಆರಿತು. ಅಷ್ಟರಲ್ಲಿ ಯಾರೋ ಫೋನ್ ಮಾಡಿಯಾಗಿತ್ತು, ಬೀದಿಯಲ್ಲಿ ಸೈರನ್ ಮೊಳಗಿತು.

ಬಂದವರು ಸಾಕ್ಷಾತ್ ಸಾಹೇಬರು, ಮೊಣಕಾಲಿಗೆ ತೇಪೆ ಹಾಕಿದ ಹಳೇ ಪ್ಯಾಂಟಿನಲ್ಲಿ. ಎಲ್ಲ ಆರಿದೆ ಎಂದು ನೋಡಿ ಖಾತ್ರಿ ಮಾಡಿಕೊಂಡು ಕೇಳಿದರು, "ಹೇಗೂ ಇಲ್ಲಿಗೇ ಬರೋನಿದ್ದೆ. ನನ್ನ ಪ್ಯಾಂಟೆಲ್ಲಿ?"

ಟೈಲರ್ ಮೈಕ್ರೋವೇವಿನ ಬಾಗಿಲು ತೆಗೆದು ತೋರಿಸಿದ. ಜಿಪ್ಪಿದ್ದ ಜಾಗದಲ್ಲಿ ಮುಷ್ಟಿ ತೂರುವಷ್ಟು ತೂತು.

ಸಾಹೇಬರು ತೂತಿನೊಳಗೆ ಬೆರಳು ತೂರಿಸಿ ನೋಡಿದರು. ಅಜ್ಜಿ ದೂರಿದಳು: "ಬಾಗಿಲು ತೆಗಿಯೋ ಅಂದ್ರೆ ತೆಗೀಲಿಲ್ಲಪ್ಪ ಈ ಮೊಂಡ. ನೀರೂ ಹಾಕೋಕೆ ಬಿಡಲಿಲ್ಲ."

"ಬಿಡಲಿಲ್ವಾ?" ಸಾಹೇಬರು ಟೈಲರನನ್ನು ಮತ್ತೊಮ್ಮೆ ನೋಡಿದರು. "ಆ ಪ್ಯಾಂಟು ತಗೋ. ಗಾಡಿ ಹತ್ತು."

ಟೈಲರ್ ಕೈಮುಗಿದ. ಠಾಣೆಯ ಕೆಲಸವಂತೂ ಕೈತಪ್ಪಿತು, ಇನ್ನು ಮಾನವಾದರೂ ಉಳಿದರೆ ಸಾಕು. "ಸಾರ್, ಬೇಕಾದ್ದು ಮಾಡಿ. ನನ್ನ ಹೆಂಡತಿಗೆ ಮಾತ್ರ ಗೊತ್ತಾಗಬಾರದು."

"ನಿನ್ನ ಹೆಸರೇ ಎತ್ತಲ್ಲ. ಸುಮ್ನೆ ಪ್ಯಾಂಟು ಹಿಡ್ಕೊಂಡು ನಿಂತ್ಕೋ. ಮನೆಯ ಬೆಂಕಿ ಬಗ್ಗೆ ಮಕ್ಕಳಿಗೆ ಬರೀ ಬಾಯಲ್ಲಿ ಹೇಳಿದ್ರೆ ನಾಟಲ್ಲ."

ಯಾವ ಮಕ್ಕಳು ಎಂದು ಕೇಳುವಷ್ಟರಲ್ಲಿ ಗಾಡಿ ಶಾಲೆಯ ಗೇಟಿನೊಳಗೆ ತಿರುಗಿತ್ತು. ಅತಿಥಿಗಳನ್ನು ಸ್ವಾಗತಿಸಲು ಹೂಗುಚ್ಛ ಹಿಡಿದು ನಿಂತಿದ್ದವಳು ಅವನ ಹೆಂಡತಿ. ತೊಟ್ಟಿಕ್ಕುವ ಗಂಡನನ್ನೂ ಅವನ ಕೈಯಲ್ಲಿದ್ದುದನ್ನೂ ನೋಡಿ ಅವಳ ನಗು ಅರ್ಧಕ್ಕೇ ನಿಂತಿತು.

ವೇದಿಕೆಯಲ್ಲಿ ಸಾಹೇಬರು ಮಾತಿಗೆ ತಪ್ಪಲಿಲ್ಲ. "ಇವರು ಯಾರು ಅಂತ ಹೇಳಲ್ಲ. ಇವರ ಹೆಂಡತಿಗೆ ಗೊತ್ತಾಗಬಾರದಂತೆ."

ಶಾಲೆಯ ನಾಟಕಗಳಿಗೆಲ್ಲ ಬಟ್ಟೆ ಹೊಲಿದವನು ಅವನೇ. ಇಡೀ ಸಭಾಂಗಣ ಒಟ್ಟಿಗೆ ಟೀಚರ ಕಡೆ ತಿರುಗಿತು. ಸಾಹೇಬರೂ ತಿರುಗಿದರು, ಕೆಮ್ಮಿದರು. ಮಾನ ಮೂರಾಬಟ್ಟೆ ಎಂದರೇನೆಂದು ಟೈಲರನಿಗೆ ಅವತ್ತು ಅರ್ಥವಾಯಿತು.

"ಜಿಪ್ ಇರಲಿ, ಇಲ್ಲದಿರಲಿ, ಮೈಕ್ರೋವೇವ್ ಬಟ್ಟೆ ಒಣಗಿಸೋಕಲ್ಲ ಮಕ್ಕಳೇ," ಎಂದರು ಸಾಹೇಬರು. "ಆದ್ರೆ ಬೆಂಕಿ ಬಂದಾಗ ಇವರು ಬಾಗಿಲು ತೆಗೀಲಿಲ್ಲ, ಯಾರಿಗೂ ತೆಗೆಯೋಕೆ ಬಿಡಲೂ ಇಲ್ಲ. ಅದಕ್ಕೇ ಇವತ್ತು ಆ ಮನೆ ಉಳೀತು. ಚಪ್ಪಾಳೆ ಹೊಡೀರಿ." ಚಪ್ಪಾಳೆಯ ಮಧ್ಯೆ ಅವನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು. "ಠಾಣೆಯ ಕೆಲಸ ನಿನಗೇ. ಜಿಪ್ ಬೇಡ. ಎಲ್ಲರ ಪ್ಯಾಂಟಿಗೂ ಗುಂಡಿ."

ಸಂಜೆ ಗಂಡ ಹೆಂಡತಿ ನಡೆದುಕೊಂಡೇ ಮನೆಗೆ ಹೊರಟರು. ದಾರಿಯಲ್ಲಿ ಅವನು ಠಾಣೆಯ ಕೆಲಸ, ಗುಂಡಿಯ ಷರತ್ತು ಎರಡನ್ನೂ ಹೇಳಿದ. ಆಮೇಲೆ ಅವಳು ಕೇಳಿದಳು, "ಬಾಗಿಲು ತೆಗೀಬಾರದು ಅಂತ ನೆನಪಿತ್ತಾ?"

"ನೀನು ಹೇಳಿದ್ದೆಯಲ್ಲ."

ಅವಳಿಗೆ ನಗು ಬಂತು. "ಕಾಜ ಹೊಲಿಯೋಕೆ ನಾನೂ ಕೂರ್ತೀನಿ ಬಿಡಿ. ಆದ್ರೆ ಪ್ಯಾಂಟು ಅದರೊಳಗಿಡೋ ಬುದ್ಧಿ ನಿಮಗೆ ಕೊಟ್ಟಿದ್ದು ಯಾರು?"

"ಯಾರೂ ಇಲ್ಲ ಕಣೇ, ನಂದೇ," ಎಂದ ಟೈಲರ್. ನೆರೆಹೊರೆ ಕೆಡಿಸಿಕೊಳ್ಳುವುದು ಬೇಡ, ಒಂದು ದಿನಕ್ಕೆ ಇಷ್ಟು ಸಾಕು ಎನಿಸಿತ್ತು. ಎದೆ ಹಗುರಾಗಿ ಮೆಟ್ಟಿಲು ಹತ್ತಿದ.

ಬಾಗಿಲ ಬಳಿ ಲೈನ್‌ಮ್ಯಾನ್ ಕಾದು ನಿಂತಿದ್ದ, ಕೈಯಲ್ಲಿ ಒದ್ದೆ ಪ್ಯಾಂಟು.

"ಬಂದೆಯಾ? ಬೆಳಿಗ್ಗೆ ನಾನು ಹೇಳಿದ್ದರಲ್ಲಿ ಒಂದೇ ಒಂದು ಐಬು ಉಳಿದಿತ್ತು ಕಣಯ್ಯಾ," ಎಂದ ಅವನು. "ನೋಡು, ಇದಕ್ಕೆ ಬರೀ ಗುಂಡಿ. ಬಾ, ಇನ್ನೊಂದ್ಸಲ ಹಾಕಿ ನೋಡೇ ಬಿಡೋಣ."

ಹೆಂಡತಿ ನಿಧಾನವಾಗಿ ಟೈಲರನ ಕಡೆ ತಿರುಗಿದಳು.